ನಾಲ್ಕು ಗಂಟೆಯ ಡ್ರಾಯರ್

ನನ್ನ ಮೇಜಿನ ಎರಡನೇ ಡ್ರಾಯರ್‌ನಲ್ಲಿ ಫೈಲುಗಳು ಇರಬೇಕಿತ್ತು. ಇದ್ದದ್ದು ಬಿಸ್ಕೆಟ್ ಮತ್ತು ಚಾಕೊಲೇಟ್. ನನ್ನದು ಲೆಕ್ಕ ಬರೆಯುವ ಕೆಲಸ. ಮಧ್ಯಾಹ್ನ ನಾಲ್ಕಾದರೆ ಅಂಕಿಗಳು ಕಣ್ಣ ಮುಂದೆ ಮಂಜಾಗುತ್ತಿದ್ದವು, ಕೈ ತಾನಾಗಿ ಡ್ರಾಯರ್‌ಗೆ ಹೋಗುತ್ತಿತ್ತು. ಐದೂವರೆಗೆ ಮತ್ತೆ ಅದೇ ಸುಸ್ತು, ಜೊತೆಗೆ ಯಾರು ಮಾತಾಡಿಸಿದರೂ ಸಿಡುಕು. ‘ನಾಳೆಯಿಂದ ಸಕ್ಕರೆ ಬಂದ್’ ಅಂತ ಎರಡು ಸಲ ಶಪಥ ಮಾಡಿದೆ. ಎರಡೂ ಸಲ ನಾಲ್ಕು ದಿನ ದಾಟಲಿಲ್ಲ. ಮೂರನೇ ಸಲ ಮಾಡಿದ್ದೇ ಬೇರೆ, ಅದನ್ನು ಹೇಳುತ್ತೇನೆ.

ಮೊದಲ ವಾರ ಏನನ್ನೂ ಬಿಡಬೇಡಿ. ಸುಮ್ನೆ ಬರೆದಿಡಿ. ಎಷ್ಟು ಗಂಟೆಗೆ ಸಿಹಿ ತಿಂದಿರಿ, ಏನು ತಿಂದಿರಿ, ಅದಕ್ಕೆ ಅರ್ಧ ಗಂಟೆ ಮೊದಲು ಏನು ನಡೆದಿತ್ತು. ಮೂರನೆಯದನ್ನು ಮಾತ್ರ ತಪ್ಪಿಸಬೇಡಿ. ನನ್ನ ಪಟ್ಟಿಯಲ್ಲಿ ಹಸಿವಾಗಿ ತಿಂದದ್ದು ಕಡಿಮೆ. ಗಡುವು, ಜಗಳದ ಫೋನು, ನಿದ್ದೆ ಕೆಟ್ಟ ರಾತ್ರಿ, ಇವುಗಳ ಬೆನ್ನಿಗೆ ತಿಂದದ್ದೇ ಜಾಸ್ತಿ.

ಇದಕ್ಕೆ ಕಾರಣ ದೇಹದೊಳಗೇ ಇದೆ. ಒತ್ತಡ ಬಿದ್ದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಬಿಡುತ್ತವೆ. ಆಗ ಯಕೃತ್ತು ರಕ್ತಕ್ಕೆ ಸಕ್ಕರೆ ಸುರಿಯುತ್ತದೆ, ಓಡಲು ಬೇಕಾದೀತು ಅಂತ. ನಾವು ಓಡುವುದಿಲ್ಲ, ಕುರ್ಚಿಯಲ್ಲೇ ಕೂತಿರುತ್ತೇವೆ. ದಿನಾ ಹೀಗಾದರೆ ಹಸಿವು ಹೆಚ್ಚುತ್ತದೆ, ಮನಸ್ಸು ಸಿಹಿಯ ಕಡೆ ಎಳೆಯುತ್ತದೆ, ಕೊಬ್ಬು ಹೊಟ್ಟೆಯ ಸುತ್ತ ಸೇರುತ್ತದೆ. ಖಾಲಿ ಹೊಟ್ಟೆಗೆ ಸಿಹಿ ಬಿದ್ದರೆ ಇನ್ನೊಂದು ಆಟ. ರಕ್ತದ ಸಕ್ಕರೆ ಜರ್ ಅಂತ ಏರುತ್ತದೆ, ಇನ್ಸುಲಿನ್ ಬಂದು ಇಳಿಸುತ್ತದೆ. ಕೆಲವರಲ್ಲಿ ಅದು ಮೊದಲಿಗಿಂತ ಕೆಳಗೇ ಹೋಗುತ್ತದೆ. ಅದನ್ನು ಎತ್ತಲು ದೇಹ ಮತ್ತೆ ಒತ್ತಡದ ಹಾರ್ಮೋನುಗಳನ್ನೇ ಕರೆಯುತ್ತದೆ. ನಡುಕ, ಸಿಡುಕು ಬರುವುದು ಆಗಲೇ. ಸಿಹಿಯ ಈ ಸೆಳೆತವನ್ನು ‘ಚಟ’ ಅನ್ನಬಹುದೋ ಇಲ್ಲವೋ ಎಂದು ತಜ್ಞರು ಇನ್ನೂ ವಾದಿಸುತ್ತಿದ್ದಾರೆ. ವಾದಿಸಲಿ ಬಿಡಿ, ಕೈ ತಾನಾಗಿ ಹೋಗುತ್ತಿತ್ತಲ್ವಾ, ನನಗೆ ಅಷ್ಟು ಸಾಕಿತ್ತು.

ಎರಡನೇ ವಾರ ಬೆಳಗಿನ ತಿಂಡಿ ಸರಿಮಾಡಿ. ನಾನು ಬರೀ ಟೀ, ಬಿಸ್ಕೆಟ್‌ನಲ್ಲಿ ಮಧ್ಯಾಹ್ನದವರೆಗೆ ದೂಡುತ್ತಿದ್ದೆ. ಈಗ ಮೊಟ್ಟೆಯೋ ಕಾಳೋ ಮೊಸರೋ, ಪ್ರೋಟೀನ್ ಇರುವ ಏನಾದರೊಂದು ಬೇಕೇ ಬೇಕು. ನಾಲ್ಕು ಗಂಟೆಯ ಮಂಜು ಅರ್ಧ ಕರಗಿದ್ದು ಇದರಿಂದಲೇ.

ಆಮೇಲೆ ನಿದ್ದೆ. ನಿದ್ದೆ ಕಡಿಮೆಯಾದರೆ ಹಸಿವು ಕೆರಳಿಸುವ ಗ್ರೆಲಿನ್ ಹಾರ್ಮೋನು ಏರಬಹುದು, ಹೊಟ್ಟೆ ತುಂಬಿತು ಅನ್ನುವ ಲೆಪ್ಟಿನ್ ಹಾರ್ಮೋನು ಇಳಿಯಬಹುದು. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಹಾಗಾಗಿ ಸಂಜೆಯ ಕಾಫಿ ಬಿಟ್ಟೆ. ಬೇಜಾರಾಯಿತು, ನಿಜ.

ಸಕ್ಕರೆಗೆ ಕೈ ಹಾಕಿದ್ದು ಇದೆಲ್ಲ ಆದಮೇಲೆ. ದಿನಕ್ಕೆ ಐದು ಟೀ, ಒಂದೊಂದಕ್ಕೆ ಎರಡು ಚಮಚ. ಒಂದು ಟೀ ಚಮಚಕ್ಕೆ ಸುಮಾರು 4 ಗ್ರಾಂ, ಅಂದರೆ ಟೀಯಲ್ಲೇ 40 ಗ್ರಾಂ! ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಸಕ್ಕರೆಯ ಮಿತಿ ದಿನದ ಒಟ್ಟು ಕ್ಯಾಲೊರಿಯ ಶೇ. 10ಕ್ಕಿಂತ ಕಡಿಮೆ, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ, 25 ಗ್ರಾಂ. ಜೇನುತುಪ್ಪ, ಹಣ್ಣಿನ ರಸದ ಸಕ್ಕರೆಯೂ ಈ ಲೆಕ್ಕಕ್ಕೆ ಸೇರುತ್ತದೆ. ಇಡೀ ಹಣ್ಣು ಸೇರುವುದಿಲ್ಲ. ಒಂದೊಂದು ಟೀಯಲ್ಲೂ ವಾರಕ್ಕೆ ಕಾಲು ಚಮಚ ಇಳಿಸಿ. ನಾಲಿಗೆ ನಿಧಾನವಾಗಿ ಒಗ್ಗಿಕೊಳ್ಳುತ್ತದೆ.

ನಾಲ್ಕು ಗಂಟೆಗೆ ಡ್ರಾಯರ್ ಎಳೆಯುವ ಮೊದಲು ಹತ್ತು ನಿಮಿಷ ನಡೆಯಿರಿ. ವಾಪಸ್ ಬಂದಮೇಲೂ ಬೇಕೆನಿಸಿದರೆ ತಿನ್ನಿ. ಬಿಸ್ಕೆಟ್ ಡಬ್ಬವನ್ನು ಬೇರೆ ಕೋಣೆಯ ಮೇಲಿನ ಕಪಾಟಿಗೆ ಸಾಗಿಸಿ. ಎದ್ದು ಹೋಗುವ ಸೋಮಾರಿತನವೇ ನನ್ನನ್ನು ಎಷ್ಟೋ ಸಲ ಕಾಪಾಡಿದೆ.

ತೂಕವನ್ನು ದಿನಾ ನೋಡಬೇಡಿ. ನೀರಿನಿಂದಲೇ ಏರಿಳಿಯುತ್ತದೆ, ಸುಮ್ನೆ ತಲೆಬಿಸಿ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬದಲಿಸಬೇಡಿ. ಇಷ್ಟೆಲ್ಲ ಮಾಡಿಯೂ ಸುಸ್ತು ಹೋಗದಿದ್ದರೆ ರಕ್ತಹೀನತೆ, ಥೈರಾಯ್ಡ್, ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಎರಡು ವಾರ ಕಳೆದರೂ ಮನಸ್ಸು ಕುಗ್ಗಿಯೇ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಡ್ರಾಯರ್‌ನಲ್ಲಿ ಈಗ ಫೈಲುಗಳಿವೆ. ಕಳೆದ ತಿಂಗಳ ಕೊನೆಯ ದಿನ ಮಾತ್ರ ಕಪಾಟಿನವರೆಗೆ ಹೋಗಿ ಎರಡು ಚಾಕೊಲೇಟ್ ತಿಂದೆ. ಪಟ್ಟಿಯ ಮೂರನೇ ಅಂಕಣದಲ್ಲಿ ಬರೆದಿದ್ದೇನೆ: ಲೆಕ್ಕ ತಾಳೆಯಾಗಲಿಲ್ಲ.