ಆಲ್-ಇನ್-ಒನ್ ಕಂಪ್ಯೂಟರನ್ನು ನಾನು ತಂಪಾಗಿಟ್ಟುಕೊಂಡ ಬಗೆ

ಪರದೆಯ ಬೆನ್ನಿಗೇ ಇಡೀ ಕಂಪ್ಯೂಟರನ್ನು ಅಡಗಿಸಿಟ್ಟಿರುವ ಆಲ್-ಇನ್-ಒನ್ ಯಂತ್ರದಲ್ಲಿ ನಾನು ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಇಂಥ ಯಂತ್ರಗಳ ಒಳಗೆ ಜಾಗ ತೀರಾ ಕಡಿಮೆ. ದೊಡ್ಡ ಡೆಸ್ಕ್‌ಟಾಪ್ ಪೆಟ್ಟಿಗೆಯಲ್ಲಿರುವಂತೆ ಎರಡು ಮೂರು ಫ್ಯಾನುಗಳಾಗಲಿ, ಶಾಖವನ್ನು ಹೀರಿ ಗಾಳಿಗೆ ಬಿಡುವ ಎತ್ತರದ ಲೋಹದ ಹೀಟ್ ಸಿಂಕ್ ಆಗಲಿ ಇಲ್ಲಿ ಹಿಡಿಸುವುದಿಲ್ಲ. ಲ್ಯಾಪ್‌ಟಾಪಿನಲ್ಲಿರುವಂಥ ತೆಳುವಾದ ಬ್ಲೋವರ್ ಫ್ಯಾನು, ಪ್ರೊಸೆಸರಿನ ಶಾಖವನ್ನು ಅದರವರೆಗೆ ಸಾಗಿಸುವ ತಾಮ್ರದ ಹೀಟ್ ಪೈಪ್, ಗಾಳಿ ಹೊರಹೋಗುವ ಜಾಗದಲ್ಲಿ ಒತ್ತೊತ್ತಾಗಿ ಜೋಡಿಸಿದ ಲೋಹದ ಪಟ್ಟಿಗಳು, ಬಹುತೇಕ ಇಷ್ಟೇ ವ್ಯವಸ್ಥೆ. ಇದರ ಜೊತೆಗೆ ಪರದೆಯ ಬ್ಯಾಕ್‌ಲೈಟ್ ಕೂಡ ಅದೇ ಕವಚದೊಳಗೆ ಒಂದಿಷ್ಟು ಶಾಖವನ್ನು ಸೇರಿಸುತ್ತದೆ. ಹಾಗಾಗಿ ಹೊರಗಿನಿಂದ ಎಷ್ಟು ಗಾಳಿ ಬೀಸಿದರೂ ಸಿಗುವ ಲಾಭಕ್ಕೆ ಒಂದು ಮಿತಿಯಿದೆ, ಶಾಖ ಹುಟ್ಟುವುದನ್ನೇ ಕಡಿಮೆ ಮಾಡುವುದು ಹೆಚ್ಚು ಫಲಕಾರಿ ಎಂಬುದು ನನ್ನ ಅನುಭವದ ತಿರುಳು.

ಯಾವುದನ್ನೂ ಬದಲಾಯಿಸುವ ಮೊದಲು ತಾಪಮಾನವನ್ನು ಅಳೆದುಕೊಂಡೆ. ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶವು ಪ್ರೊಸೆಸರಿನ ಪ್ರತಿ ಕೋರಿನ (ಅದರೊಳಗೆ ಲೆಕ್ಕ ಮಾಡುವ ಬಿಡಿ ಘಟಕದ) ತಾಪಮಾನ, ವೇಗ ಮತ್ತು ಬಳಕೆಯಾಗುತ್ತಿರುವ ವಾಟ್‌ಗಳನ್ನು ತೋರಿಸುತ್ತದೆ. ಒಂದು ಉದ್ದನೆಯ ವಿಡಿಯೊವನ್ನು ಎಕ್ಸ್‌ಪೋರ್ಟ್‌ಗೆ, ಅಂದರೆ ಎಡಿಟ್ ಮಾಡಿದ್ದನ್ನು ಅಂತಿಮ ಫೈಲಾಗಿ ಹೊರತೆಗೆಯುವ ಕೆಲಸಕ್ಕೆ, ಹಾಕಿ ನೋಡುತ್ತಾ ಕುಳಿತಾಗ, ತಾಪಮಾನ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದ ಕೂಡಲೇ ವೇಗ ಇಳಿಯುವುದು, ಸ್ವಲ್ಪ ತಣ್ಣಗಾದೊಡನೆ ಮತ್ತೆ ಏರುವುದು ಸ್ಪಷ್ಟವಾಗಿ ಕಂಡಿತು. ಪ್ರೊಸೆಸರ್ ತನ್ನನ್ನು ತಾನು ಕಾಪಾಡಿಕೊಳ್ಳುವ ಈ ಕ್ರಮಕ್ಕೆ ಥರ್ಮಲ್ ಥ್ರಾಟ್ಲಿಂಗ್ ಎನ್ನುತ್ತಾರೆ. ಇದರಿಂದ ಯಂತ್ರ ತಕ್ಷಣ ಸುಟ್ಟುಹೋಗುವುದಿಲ್ಲ, ಆದರೆ ಕೆಲಸ ನಿಧಾನವಾಗುತ್ತದೆ, ಫ್ಯಾನು ಸದಾ ಪೂರ್ಣ ವೇಗದಲ್ಲಿ ಕಿರುಚುತ್ತಿರುತ್ತದೆ.

ಮುಂದೆ ಗಾಳಿಯ ದಾರಿಯನ್ನು ಹುಡುಕಿದೆ. ಟಿಶ್ಯೂ ಕಾಗದದ ತೆಳುವಾದ ಒಂದು ಪಟ್ಟಿಯನ್ನು ಯಂತ್ರದ ಪ್ರತಿಯೊಂದು ಕಿಂಡಿಯ ಬಳಿ ಹಿಡಿದರೆ, ಗಾಳಿ ಒಳಸೇರುವಲ್ಲಿ ಅದು ಜಾಲರಿಗೆ ಅಂಟಿಕೊಳ್ಳುತ್ತದೆ, ಹೊರಬರುವಲ್ಲಿ ದೂರಕ್ಕೆ ಹಾರುತ್ತದೆ. ನನ್ನ ಯಂತ್ರದಲ್ಲಿ ಗಾಳಿ ಕೆಳ ಅಂಚಿನಿಂದ ಒಳಬಂದು ಹಿಂಬದಿಯ ಮೇಲ್ಭಾಗದಿಂದ ಹೊರಹೋಗುತ್ತದೆ. ಅದು ತಿಳಿದ ಮೇಲೆ ಪರದೆಯ ಕೆಳಗೆ ಜೋಡಿಸಿದ್ದ ಪುಸ್ತಕಗಳನ್ನೂ ಹಾರ್ಡ್ ಡಿಸ್ಕನ್ನೂ ಪಕ್ಕಕ್ಕೆ ಸರಿಸಿ, ಬಿಸಿ ಗಾಳಿ ಗೋಡೆಗೆ ಬಡಿದು ಮರಳಿ ಒಳಸೇರದಂತೆ ಯಂತ್ರವನ್ನು ಗೋಡೆಯಿಂದ ಒಂದು ಗೇಣಿನಷ್ಟು ಮುಂದಕ್ಕೆ ತಂದೆ.

ಧೂಳಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹೊರಗಿನ ಜಾಲರಿ ಸ್ವಚ್ಛವಾಗಿ ಕಂಡ ಮಾತ್ರಕ್ಕೆ ಒಳಗೂ ಸ್ವಚ್ಛವಾಗಿದೆ ಎಂದುಕೊಳ್ಳುವಂತಿಲ್ಲ. ಹಿಂಬದಿಯ ಕವಚ ತೆಗೆದಾಗ ಫ್ಯಾನಿಗೂ ಲೋಹದ ಪಟ್ಟಿಗಳಿಗೂ ನಡುವೆ ಧೂಳು ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿ ಕುಳಿತಿತ್ತು. ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆ ತಿರುಗದಂತೆ ಒಂದು ಕಡ್ಡಿಯಿಂದ ತಡೆಹಿಡಿದು, ಮೊದಲು ಆ ಪದರವನ್ನು ಚಿಮುಟದಿಂದ ಎತ್ತಿ, ಬಳಿಕ ಉಳಿದದ್ದನ್ನು ಕಂಪ್ರೆಸ್ಡ್ ಏರ್ ಕ್ಯಾನಿನಿಂದ ಊದಿ ತೆಗೆದೆ. ರೆಕ್ಕೆಯನ್ನು ಹಿಡಿಯದೆ ಊದಿದರೆ ಫ್ಯಾನು ಮಿತಿಮೀರಿದ ವೇಗದಲ್ಲಿ ತಿರುಗಿ ಅದರ ಬೇರಿಂಗ್ ಹಾಳಾಗಬಹುದು. ಪರದೆಯನ್ನೇ ಅಂಟಿನಿಂದ ಕೂಡಿಸಿರುವ ಮಾದರಿಗಳೂ ಇವೆ. ಅವುಗಳನ್ನು ಬಿಚ್ಚುವ ಕೆಲಸವನ್ನು ತಂತ್ರಜ್ಞರಿಗೆ ಬಿಡುವುದೇ ಸರಿ.

ಇಷ್ಟರಿಂದ ತಾಪಮಾನ ಇಳಿಯಿತಾದರೂ, ನಿಜವಾದ ವ್ಯತ್ಯಾಸ ಕಂಡದ್ದು ಪ್ರೊಸೆಸರಿನ ವೇಗಕ್ಕೆ ಕಡಿವಾಣ ಹಾಕಿದಾಗ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಎಂಬುದನ್ನು 100ರಿಂದ 99 ಪ್ರತಿಶತಕ್ಕೆ ಇಳಿಸಿದರೆ ಅನೇಕ ಯಂತ್ರಗಳಲ್ಲಿ ಟರ್ಬೊ ಬೂಸ್ಟ್, ಅಂದರೆ ಪ್ರೊಸೆಸರ್ ತನ್ನ ಮೂಲ ವೇಗವನ್ನು ಮೀರಿ ಓಡುವುದು, ನಿಂತುಬಿಡುತ್ತದೆ. ಕೇವಲ ಒಂದು ಪ್ರತಿಶತದ ಬದಲಾವಣೆಯಿಂದ ಇಷ್ಟು ಪರಿಣಾಮ ಹೇಗೆ ಎಂದರೆ, ಪ್ರೊಸೆಸರಿನ ಕೆಲಸಕ್ಕೆ ಬೇಕಾಗುವ ವಿದ್ಯುತ್ತು ವೇಗದ ಜೊತೆಗೆ ವೋಲ್ಟೇಜಿನ ವರ್ಗವನ್ನೂ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಬೆಲೆಯನ್ನೂ) ಅನುಸರಿಸಿ ಏರುತ್ತದೆ, ಟರ್ಬೊ ವೇಗಕ್ಕೆ ಹೆಚ್ಚು ವೋಲ್ಟೇಜ್ ಬೇಕು. ವೇಗ ಮತ್ತು ವೋಲ್ಟೇಜ್ ಎರಡನ್ನೂ ಶೇ 10ರಷ್ಟು ಇಳಿಸಿದರೆ ಆ ವಿದ್ಯುತ್ತು ಸುಮಾರು ಶೇ 27ರಷ್ಟು ತಗ್ಗುತ್ತದೆ. ಉದ್ದನೆಯ ಎಕ್ಸ್‌ಪೋರ್ಟ್‌ನಲ್ಲಿ ಈಗ ವೇಗ ಏರಿಳಿತವಿಲ್ಲದೆ ಸಮನಾಗಿ ನಡೆಯುತ್ತದೆ, ಮುಗಿಯುವ ಸಮಯದಲ್ಲಿ ನನಗೆ ಹೇಳಿಕೊಳ್ಳುವಂಥ ನಷ್ಟ ಕಾಣಲಿಲ್ಲ. ಚಿಕ್ಕಪುಟ್ಟ ಕೆಲಸಗಳಲ್ಲಿ ಚುರುಕು ಬೇಕೆನಿಸಿದಾಗ ಮತ್ತೆ 100ಕ್ಕೆ ಏರಿಸಿಕೊಳ್ಳುತ್ತೇನೆ. ಎಡಿಟಿಂಗ್ ತಂತ್ರಾಂಶದಲ್ಲಿ ಹಾರ್ಡ್‌ವೇರ್ ಎನ್‌ಕೋಡಿಂಗ್ (ವಿಡಿಯೊವನ್ನು ಕುಗ್ಗಿಸುವ ಕೆಲಸವನ್ನು ಅದಕ್ಕೆಂದೇ ಇರುವ ಪ್ರತ್ಯೇಕ ಭಾಗಕ್ಕೆ ವಹಿಸುವುದು) ಆಯ್ದುಕೊಂಡದ್ದರಿಂದಲೂ ಪ್ರೊಸೆಸರಿನ ಹೊರೆ ಬಹಳ ಹಗುರವಾಯಿತು. ಪರದೆಯ ಬೆಳಕನ್ನು ಕಣ್ಣಿಗೆ ಸಾಕಾಗುವಷ್ಟಕ್ಕೆ ಇಳಿಸಿದ್ದು ಸಣ್ಣ ನೆರವು.

ಕೋಣೆ ಎಷ್ಟು ಡಿಗ್ರಿ ಬಿಸಿಯಾಗುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಪ್ರೊಸೆಸರೂ ಬಿಸಿಯಾಗುವುದರಿಂದ, ಭಾರೀ ಕೆಲಸಗಳನ್ನು ರಾತ್ರಿಗೆ ಇಟ್ಟುಕೊಳ್ಳುತ್ತೇನೆ. ಯುಎಸ್‌ಬಿಯಿಂದ ನಡೆಯುವ ಪುಟ್ಟ ಫ್ಯಾನೊಂದನ್ನು ಗಾಳಿ ಹೊರಬರುವ ಕಿಂಡಿಗೆ ಎದುರಾಗಿ ಇಡದೆ, ಬಿಸಿ ಗಾಳಿಯನ್ನು ಪಕ್ಕಕ್ಕೆ ಸಾಗಿಸುವಂತೆ ಇಟ್ಟಿದ್ದೇನೆ. ಎದುರಾಗಿ ಇಟ್ಟರೆ ಒಳಗಿನ ಬ್ಲೋವರಿನ ಕೆಲಸಕ್ಕೇ ಅಡ್ಡಿ. ಪ್ರೊಸೆಸರಿನ ಶಾಖ ಲೋಹಕ್ಕೆ ಚೆನ್ನಾಗಿ ಹರಿಯಲೆಂದು ಅವೆರಡರ ನಡುವೆ ಹಚ್ಚುವ ಥರ್ಮಲ್ ಪೇಸ್ಟನ್ನು ನಾನಿನ್ನೂ ಬದಲಾಯಿಸಿಲ್ಲ. ಧೂಳು ತೆಗೆದ ಮೇಲೂ, ವೇಗವನ್ನು ಮಿತಿಗೊಳಿಸಿದ ಮೇಲೂ, ಕೆಲಸ ಆರಂಭಿಸಿದ ಕೆಲವೇ ಕ್ಷಣಗಳಲ್ಲಿ ತಾಪಮಾನ ಜಿಗಿದು ಮಿತಿ ಮುಟ್ಟತೊಡಗಿದರೆ ಪೇಸ್ಟ್ ಒಣಗಿರುವ ಸಂಭವ ಹೆಚ್ಚು. ಅಂಥ ಲಕ್ಷಣ ಕಂಡ ದಿನ ಅದಕ್ಕೆ ಕೈಹಾಕುತ್ತೇನೆ.