ಬ್ಲೇಜರಿನ ಬಿಗು ಇಳಿಸಿದ ಬಗೆ

‘ಬಿಳಿ ಟೀ ಶರ್ಟ್, ಜೀನ್ಸ್, ಮೇಲೊಂದು ಬ್ಲೇಜರ್ ಹಾಕ್ಕೊಳ್ಳಿ, ಮುಗೀತು’ ಅಂತ ಎಲ್ಲರೂ ಹೇಳುತ್ತಾರೆ. ಹಾಗೇ ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಎಷ್ಟೋ ಸಲ ಮೇಲರ್ಧ ಮೀಟಿಂಗಿಗೆ ಹೊರಟಿರುತ್ತದೆ, ಕೆಳಗರ್ಧ ವಾಕಿಂಗಿಗೆ.

ನಾನು ಈಗ ವಾರದ ಹೆಚ್ಚಿನ ದಿನ ಬ್ಲೇಜರಿನಲ್ಲೇ ಇರುತ್ತೇನೆ. ಲೈಬ್ರರಿಗೆ, ಸಿನಿಮಾಗೆ, ರೈಲು ಪ್ರಯಾಣಕ್ಕೆ, ಮಕ್ಕಳನ್ನು ಪಾರ್ಕಿಗೆ ಕರೆದೊಯ್ಯುವಾಗಲೂ ಅದೇ. ಇಷ್ಟು ಒಗ್ಗಿಹೋಗುವುದಕ್ಕೆ ಒಳಗಿನ ಟೀ ಶರ್ಟಿಗಿಂತ ಹೆಚ್ಚು ನೆರವಾದದ್ದು ಬ್ಲೇಜರಿನ ಮೇಲೆ ಮಾಡಿದ ಸಣ್ಣಪುಟ್ಟ ಕೆಲಸ. ಅದರ ಬಿಗು ಎಲ್ಲಿ ಕೂತಿದೆ ಅಂತ ಹುಡುಕಿ, ಅಲ್ಲೇ ಒಂದಿಷ್ಟು ಸಡಿಲಿಸಿಕೊಂಡೆ.

ಮುಖ್ಯವಾಗಿ ಅದು ಕೂತಿರುವುದು ಭುಜದಲ್ಲಿ. ಆಫೀಸಿಗೆಂದು ಹೊಲಿದ ಬ್ಲೇಜರಿನ ಭುಜದ ತುದಿಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ದಪ್ಪ ಪ್ಯಾಡ್ ಸಿಗುತ್ತದೆ. ಅದರಾಚೆ, ತೋಳು ಉಬ್ಬಿ ನಿಲ್ಲಲೆಂದು ಇಟ್ಟ ಮೆತ್ತನೆಯ ಪಟ್ಟಿಯೊಂದು ಇರುವುದೂ ಉಂಟು. 1980ರ ದಶಕದಲ್ಲಿ ಹೆಣ್ಣುಮಕ್ಕಳ ಆಫೀಸು ಉಡುಪಿನ ಭುಜ ಅಷ್ಟು ಅಗಲವಾದದ್ದೇ ಅಧಿಕಾರ ಕಾಣಲಿ ಎಂದು. ಅದಕ್ಕೂ ಮೊದಲೇ, 70ರ ದಶಕದಲ್ಲಿ, ಇಟಲಿಯ ಉಡುಪು ವಿನ್ಯಾಸಕ ಜಾರ್ಜಿಯೊ ಅರ್ಮಾನಿ ಜಾಕೆಟ್ಟಿನೊಳಗಿನ ಪ್ಯಾಡು, ಗಟ್ಟಿ ಒಳಪದರಗಳನ್ನು ಕಿತ್ತುಹಾಕಿ ಅದು ಮೈಮೇಲೆ ಸುಮ್ಮನೆ ಇಳಿಬೀಳುವಂತೆ ಮಾಡಿ ಹೆಸರಾಗಿದ್ದರು. ನಾನು ಮನೆಯಲ್ಲಿ ಕೂತು ಮಾಡಿದ್ದು ಅದರ ಬಡ ಆವೃತ್ತಿ.

ಪ್ಯಾಡ್ ತೆಗೆಯಲು ಒಂದು ಸುಲಭದ ದಾರಿ ಇದೆ. ಫ್ಯಾಕ್ಟರಿಯಲ್ಲಿ ಹೊಲಿದ ಬ್ಲೇಜರಿನ ತೋಳುಗಳನ್ನು ಒಳಮಗುಚಿ ಲೈನಿಂಗ್ ನೋಡಿ. ಹೆಚ್ಚಾಗಿ ಒಂದು ತೋಳಿನಲ್ಲಿ ಗೇಣುದ್ದ ಜಾಗದ ಹೊಲಿಗೆ ಮಾತ್ರ ಬೇರೆ ಥರ ಇರುತ್ತದೆ. ಉಳಿದೆಡೆ ಹೊಲಿಗೆ ಒಳಗೆ ಅಡಗಿದ್ದರೆ ಇಲ್ಲಿ ಅಂಚಿನ ಮೇಲೇ ಮೆಷಿನ್ ಓಡಿರುತ್ತದೆ. ಹೊಲಿಯುವಾಗ ಇಡೀ ಬ್ಲೇಜರನ್ನು ಒಳಗಿಂದ ಹೊರಕ್ಕೆ ಮಗುಚಿದ್ದು ಆ ಕಿಂಡಿಯಿಂದಲೇ, ಆಮೇಲೆ ಮುಚ್ಚಿರುತ್ತಾರೆ. ಅದನ್ನು ಬಿಚ್ಚಿಕೊಂಡರೆ ಬೇರೆಲ್ಲೂ ಕತ್ತರಿ ತಾಗಿಸಬೇಕಿಲ್ಲ. ಕೈ ತೂರಿಸಿ ಭುಜದ ಭಾಗವನ್ನು ಹೊರಗೆಳೆದರೆ ಪ್ಯಾಡ್ ಕಾಣಿಸುತ್ತದೆ, ಭುಜದ ಹೊಲಿಗೆಗೂ ತೋಳಿನ ಸುತ್ತಿಗೂ ಕೆಲವೇ ಟಾಕಾ ಹಾಕಿ ನಿಲ್ಲಿಸಿರುತ್ತಾರೆ. ಮೇಲ್ಬಟ್ಟೆ ಸಿಕ್ಕಿಕೊಳ್ಳದಂತೆ ಆ ದಾರಗಳನ್ನಷ್ಟೇ ಕತ್ತರಿಸಬೇಕು. ಇನ್ನೊಂದು ಭುಜವನ್ನೂ ಬೆನ್ನಿನ ಕಡೆಯಿಂದ ಇದೇ ಕಿಂಡಿಗೆ ಎಳೆದುಕೊಳ್ಳಬಹುದು, ಸ್ವಲ್ಪ ಒದ್ದಾಟ ಅಷ್ಟೆ.

ಪ್ಯಾಡ್ ಕಿತ್ತ ಕೂಡಲೇ ಕಿಂಡಿ ಮುಚ್ಚಬೇಡಿ. ಹಾಕಿಕೊಂಡು ನೋಡಿ. ನನ್ನ ಬೂದು ಬ್ಲೇಜರಿಗೆ ಪ್ಯಾಡ್ ಹೋದದ್ದೇ ಬಿಡುಗಡೆಯಾಯಿತು, ಭುಜ ದುಂಡಗೆ ಇಳಿದು ಕಾರ್ಡಿಗನ್ ಥರ ಕೂತಿತು. ಕಡುನೀಲಿಯದು ಹಾಗಲ್ಲ. ಅದನ್ನು ಕತ್ತರಿಸಿದ್ದೇ ದಪ್ಪ ಪ್ಯಾಡಿನ ಲೆಕ್ಕ ಹಿಡಿದು. ಪ್ಯಾಡ್ ಇಲ್ಲದಾಗ ಮಿಕ್ಕ ಬಟ್ಟೆ ತೋಳಿನ ಮೇಲ್ಭಾಗದಲ್ಲಿ ಓರೆಯಾಗಿ ಮಡಿಕೆ ಬಿದ್ದು ಯಾರದೋ ಬಟ್ಟೆ ಎರವಲು ತಂದಂತಾಯಿತು. ಅದಕ್ಕೆ ಟೈಲರ್ ಸಾಮಾನಿನ ಅಂಗಡಿಯಲ್ಲಿ ಸಿಗುವ ತೀರಾ ತೆಳು ಪ್ಯಾಡ್ ಹಾಕಿದೆ. ಈಗ ಗಡಸು ಹೋಗಿದೆ, ಆಕಾರ ಉಳಿದಿದೆ.

ಹೊಸದು ಕೊಳ್ಳುವವರು ಈ ರಗಳೆಯನ್ನೇ ತಪ್ಪಿಸಬಹುದು. ಸಡಿಲ ಬೇಕು ಅಂತ ಮಾಮೂಲಿ ಬ್ಲೇಜರನ್ನೇ ಎರಡು ಸೈಜ್ ದೊಡ್ಡದು ತೆಗೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಭುಜದ ಜೊತೆ ಕಂಕುಳು, ಜೇಬು, ಸೊಂಟದ ಕಟ್ ಎಲ್ಲವೂ ಕೆಳಗಿಳಿಯುತ್ತವೆ, ಕೈ ಎತ್ತಿದರೆ ಇಡೀ ಬ್ಲೇಜರ್ ಮೇಲೇಳುತ್ತದೆ. ಓವರ್‌ಸೈಜ್ ಎಂದೇ ಕತ್ತರಿಸಿದ್ದನ್ನು ನಿಮ್ಮದೇ ಸೈಜಿನಲ್ಲಿ ಕೊಂಡರೆ ಸಡಿಲ ಬೇಕಾದಲ್ಲಿ ಮಾತ್ರ ಸಡಿಲ ಇರುತ್ತದೆ. ಟ್ರಯಲ್ ರೂಮಿನಲ್ಲಿ ನಾನು ಎರಡೂ ಕೈ ಮುಂದೆ ತಂದು ನನ್ನನ್ನೇ ತಬ್ಬಿಕೊಂಡು ನೋಡುತ್ತೇನೆ. ಬೆನ್ನಿನಲ್ಲಿ ಎಳೆತ ಬಂದರೆ ಎಷ್ಟೇ ಚೆಂದವಿದ್ದರೂ ಅದು ವಾಪಸ್ ಹ್ಯಾಂಗರಿಗೆ. ಸೊಂಟ ಹಿಡಿಸುವುದು, ತೋಳು ಚಿಕ್ಕದು ಮಾಡಿಸುವುದು ಯಾವ ಟೈಲರಾದರೂ ಮಾಡಿಯಾರು. ಭುಜ ಸರಿಮಾಡಿಸುವುದೆಂದರೆ ತೋಳನ್ನೇ ಬಿಚ್ಚಿ ಮತ್ತೆ ಕೂರಿಸಬೇಕು, ಅಷ್ಟು ಖರ್ಚು ಮಾಡುವ ಬದಲು ಬೇರೆ ಬ್ಲೇಜರ್ ಹುಡುಕುವುದು ವಾಸಿ.

ಭುಜ ಬಿಟ್ಟರೆ ಬಟ್ಟೆ. ನುಣುಪಾದ, ಸಣ್ಣ ಹೊಳಪಿರುವ ಬಟ್ಟೆ ಏನೇ ಮಾಡಿದರೂ ಸೂಟಿನ ಕಡೆಗೇ ವಾಲುತ್ತದೆ. ಲಿನನ್, ದಪ್ಪ ಹತ್ತಿ, ಕಾರ್ಡುರಾಯ್, ಟ್ವೀಡ್, ಹೆಣೆದ ಜರ್ಸಿ ಇವಕ್ಕೆ ಮೇಲ್ಮೈಯಲ್ಲೇ ಒಂದು ಒರಟುತನ ಇದೆ, ಜೀನ್ಸ್ ಪಕ್ಕದಲ್ಲಿ ಜಗಳವಾಡುವುದಿಲ್ಲ. ಲಿನನ್ ಸುಕ್ಕಾಗುತ್ತದೆ ಅಂತ ದೂರುವವರಿದ್ದಾರೆ. ಸುಕ್ಕಾಗಲಿ ಎಂದೇ ನಾನು ಅದನ್ನು ಹಾಕುವುದು. ಲೈನಿಂಗ್ ಬೆನ್ನಿನ ಮೇಲ್ಭಾಗಕ್ಕೂ ತೋಳಿಗೂ ಮಾತ್ರ ಇದ್ದರೆ ಬಿಸಿಲು ಕಾಲಕ್ಕೂ ನಡೆಯುತ್ತದೆ. ತೋಳಿನ ಲೈನಿಂಗ್ ಮಾತ್ರ ಇರಲೇಬೇಕು, ಇಲ್ಲದಿದ್ದರೆ ಒಳಗಿನ ಟೀ ಶರ್ಟಿನ ತೋಳು ಮೇಲಕ್ಕೆ ಸರಿದು ಸುರುಳಿಯಾಗಿ ಕೂತುಬಿಡುತ್ತದೆ.

ಹಾಗಾದರೆ ಸೂಟಿನ ಜೊತೆ ಬಂದ ಕೋಟನ್ನು ಬಿಡಿಯಾಗಿ ಹಾಕಬಾರದೇ? ಹಾಕಬಹುದು. ಆದರೆ ಅದೇ ಬಣ್ಣಕ್ಕೆ ಹತ್ತಿರದ ನುಣುಪು ಪ್ಯಾಂಟ್ ಜೊತೆ ಹಾಕಿದರೆ ಸೂಟಿನ ಪ್ಯಾಂಟ್ ಒಗೆಯಲು ಹಾಕಿದ್ದಾರೆ ಅಂತಲೇ ಕಾಣುತ್ತದೆ. ಬಣ್ಣದಲ್ಲಾಗಲಿ ಒರಟುತನದಲ್ಲಾಗಲಿ ಅಂತರ ಎದ್ದು ಕಾಣಬೇಕು. ಕಪ್ಪು ಸೂಟಿನ ಕೋಟಿಗೆ ಮಾಸಲು ನೀಲಿ ಜೀನ್ಸ್, ಅಥವಾ ಜೇಬು ಹೊರಗಿರುವ ದಪ್ಪ ಹತ್ತಿಯ ಕಾರ್ಗೊ ಪ್ಯಾಂಟ್. ಕೋಟಿನ ಗುಂಡಿ ಬದಲಿಸುವುದೂ ಕೆಲಸ ಮಾಡುತ್ತದೆ. ಬಟ್ಟೆಯ ಬಣ್ಣಕ್ಕೇ ಹೊಂದಿಸಿದ ಹೊಳಪಿನ ಗುಂಡಿ ತೆಗೆದು ಮಂಕಾದ ಕಂದು ಗುಂಡಿ ಹಾಕಿದರೆ ಅದು ಸೂಟಿನ ನೆಂಟಸ್ತಿಕೆಯನ್ನು ಅರ್ಧ ಮರೆಯುತ್ತದೆ. ಗುಂಡಿಯ ಅಳತೆ ಹಳೆಯದರದ್ದೇ ಇರಲಿ, ಕಾಜಾ ಬದಲಿಸಲಾಗದು.

ಇನ್ನು ತೋಳು. ಮಣಿಕಟ್ಟು ಕಾಣಿಸಿದರೆ ಸಾಕು, ಇಡೀ ಉಡುಪಿಗೆ ಉಸಿರು ಬರುತ್ತದೆ. ಆದರೆ ಬ್ಲೇಜರಿನ ತೋಳನ್ನು ಸುಮ್ಮನೆ ಮೇಲಕ್ಕೆ ತಳ್ಳಿದರೆ ಲೈನಿಂಗ್ ಜಾರಿ, ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅದು ವಾಪಸ್ ಇಳಿದಿರುತ್ತದೆ. ನಾನು ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡನ್ನು ಬ್ಲೇಜರಿನ ತೋಳಿನ ಮೇಲೇ, ಮೊಣಕೈಗೆ ಸ್ವಲ್ಪ ಕೆಳಗೆ ಏರಿಸಿ, ಕೆಳಗಿನ ಬಟ್ಟೆಯನ್ನು ಮೇಲೆಳೆದು ಬ್ಯಾಂಡ್ ಮುಚ್ಚುವಂತೆ ಇಳಿಬಿಡುತ್ತೇನೆ. ಬ್ಯಾಂಡ್ ಕಾಣುವುದಿಲ್ಲ, ತೋಳು ಸಂಜೆವರೆಗೂ ಕದಲುವುದಿಲ್ಲ. ಸಡಿಲವಾದ ಬ್ಯಾಂಡ್ ಆರಿಸಿ, ಬಿಗಿಯಾದರೆ ಕೈ ಜುಮ್ಮೆನ್ನುತ್ತದೆ. ಲೈನಿಂಗ್ ಪಟ್ಟೆಯದೋ ಬೇರೆ ಬಣ್ಣದ್ದೋ ಆಗಿದ್ದರೆ ಬ್ಯಾಂಡ್ ಬಿಟ್ಟು ಎರಡು ಸಲ ಹೊರಮಡಿಸಬಹುದು, ಆ ಬಣ್ಣವೇ ಅಲಂಕಾರ. ಅಳತೆಗೆ ಇಸ್ತ್ರಿ ಮಾಡಿದಂಥ ಮಡಿಕೆ ಬೇಡ, ಒಂದು ಕೈಯದು ಇನ್ನೊಂದಕ್ಕಿಂತ ಸ್ವಲ್ಪ ಹೆಚ್ಚುಕಡಿಮೆ ಇದ್ದರೇ ಚೆಂದ.

ಕೆಳಗೆ ಏನು ಹಾಕಬೇಕು ಎನ್ನುವುದು ಬ್ಲೇಜರಿನ ಉದ್ದದ ಮೇಲೆ ನಿಂತಿದೆ. ಸೊಂಟದಲ್ಲೇ ನಿಲ್ಲುವ ಗಿಡ್ಡ ಬ್ಲೇಜರಿಗೆ ಎತ್ತರದ ಸೊಂಟಪಟ್ಟಿಯ ಅಗಲ ಪ್ಯಾಂಟು, ಉದ್ದ ಲಂಗ ಹೊಂದುತ್ತವೆ. ಮೇಲೆ ಮೂರನೇ ಒಂದು ಪಾಲು, ಕೆಳಗೆ ಎರಡು ಪಾಲು ಕಾಣುತ್ತದೆ, ಕಣ್ಣಿಗೆ ಹಿತ. ತೊಡೆಯ ಮೇಲ್ಭಾಗದವರೆಗೆ ಬರುವ ಉದ್ದದ್ದು ದೇಹವನ್ನು ನಡುವಿನಲ್ಲೇ ಎರಡು ಸಮಭಾಗ ಮಾಡುತ್ತದೆ, ನನ್ನಂಥ ಕುಳ್ಳಿಗೆ ಇದು ಎದ್ದು ಕಾಣುತ್ತದೆ. ಅದಕ್ಕೆ ಉದ್ದ ಬ್ಲೇಜರಿನ ಗುಂಡಿ ಹಾಕುವುದಿಲ್ಲ. ತೆರೆದಿಟ್ಟು, ಒಳಗಿನ ಟೀ ಶರ್ಟನ್ನು ಪ್ಯಾಂಟಿನೊಳಕ್ಕೆ ಸೇರಿಸಿದರೆ, ಕಾಲರಿನಿಂದ ಎದೆಯ ಮೇಲೆ ಹೊರಮಡಿಸಿ ಇಳಿಯುವ ಎರಡು ಲ್ಯಾಪೆಲ್‌ಗಳ ನಡುವೆ ಸೊಂಟದ ಗೆರೆ ಮೇಲೆ ಕಾಣುತ್ತದೆ, ಕಾಲು ಉದ್ದವಾದಂತೆ. ಎರಡು ಸಾಲು ಗುಂಡಿಯ ಬ್ಲೇಜರ್ ತೆರೆದಿಟ್ಟಾಗ ಮುಂದಿನ ಎರಡೂ ಹಾಳೆ ಅಗಲವಾಗಿ ಜೋಲುತ್ತವೆ. ಗಾಳಿ ಬಂದರೆ ಹಿಡಿದುಕೊಂಡೇ ನಡೆಯಬೇಕು. ದಿನಬಳಕೆಗೆ ನನ್ನ ಮತ ಒಂದೇ ಸಾಲಿನದಕ್ಕೆ.

ಮೇಲೂ ಕೆಳಗೂ ಜೋಳಿಗೆಯಂತಿದ್ದರೆ ಸಡಿಲ ಹೋಗಿ ಅಸಡ್ಡೆ ಕಾಣುತ್ತದೆ ಅನ್ನುವ ಮಾತು ಪೂರ್ತಿ ನಿಜವಲ್ಲ. ಅಗಲ ಪ್ಯಾಂಟಿನ ಮೇಲೆ ಅಗಲ ಬ್ಲೇಜರ್ ಹಾಕಬಹುದು, ಒಳಗಿನದು ಮೈಗೆ ಅಂಟಿದ್ದರೆ ಸಾಕು. ತೋಳಿಲ್ಲದ, ಸಣ್ಣ ಗೆರೆ ಹೆಣಿಗೆಯ ರಿಬ್ ಟ್ಯಾಂಕ್ ಟಾಪ್ ಇದಕ್ಕೆ ಹೇಳಿ ಮಾಡಿಸಿದ್ದು.

ಒಳಗಿನ ಕೊರಳಿನ ಬಗ್ಗೆ ನಾನು ಸ್ವಲ್ಪ ಹಟಮಾರಿ. ಬ್ಲೇಜರಿನ ಲ್ಯಾಪೆಲ್ ಆಗಲೇ ಎದೆಯ ಮೇಲೆ ಒಂದು ‘ವಿ’ ಬರೆದಿರುತ್ತದೆ, ಅದರೊಳಗೆ ಇನ್ನೊಂದು ‘ವಿ’ ಕೊರಳು ಬಂದರೆ ಗೆರೆಗಳು ಗೊಂದಲ. ದುಂಡು ಕೊರಳೇ ನೆಮ್ಮದಿ. ಟೀ ಶರ್ಟಿನ ಬಟ್ಟೆ ದಪ್ಪಗಿರಲಿ, ಕೊರಳಪಟ್ಟಿ ಸುರುಳಿಯಾಗಿರಬಾರದು. ಉಳಿದದ್ದೆಲ್ಲ ಹಳೆಯದಾದಷ್ಟೂ ಒಳ್ಳೆಯದು, ಆದರೆ ಬ್ಲೇಜರ್ ಪಕ್ಕದಲ್ಲಿ ಜೋತುಬಿದ್ದ ಕೊರಳು ಮಾತ್ರ ಎದ್ದು ಕಾಣುತ್ತದೆ. ಹೂಡಿ ಹಾಕುವುದಾದರೆ ತೆಳುವಾದದ್ದು, ಟೊಪ್ಪಿಗೆಯನ್ನು ಬ್ಲೇಜರಿನ ಕಾಲರ್ ಮೇಲೆ ಹೊರಗೆ ತೆಗೆದು ಬಿಡಿ. ದಪ್ಪ ಹೂಡಿ ಹಾಕಿದರೆ ಕಂಕುಳಲ್ಲಿ ಗಂಟು ಕಟ್ಟಿದಂತಾಗಿ ಕೈ ಆಡುವುದೇ ಇಲ್ಲ. ಉದ್ದನೆಯ ಹತ್ತಿ ಫ್ರಾಕಿನ ಮೇಲೂ ಬ್ಲೇಜರ್ ಚೆನ್ನ, ಆಗ ಗಿಡ್ಡದ್ದೇ ಇರಲಿ.

ಕಾಲಿಗೆ ಸ್ನೀಕರ್, ಲೋಫರ್, ಚಪ್ಪಟೆ ಚಪ್ಪಲಿ, ಯಾವುದಾದರೂ ಸರಿ. ಹೀಲ್ಸ್ ಹಾಕಿದ ಕ್ಷಣ ಇಷ್ಟು ಹೊತ್ತು ಇಳಿಸಿದ ಬಿಗು ಅರ್ಧ ವಾಪಸ್ ಬರುತ್ತದೆ, ಬೇಕಾದ ದಿನ ಅದೂ ಉಪಯೋಗಕ್ಕೆ ಬರುತ್ತದೆ. ಬಣ್ಣದಲ್ಲಿ ಮೊದಲ ಬ್ಲೇಜರ್ ಕಪ್ಪೇ ಆಗಬೇಕು ಎಂಬ ಸಲಹೆಯನ್ನು ನಾನು ಕೊಡಲಾರೆ. ಹಗಲು ಬೆಳಕಿನಲ್ಲಿ ಕಪ್ಪು ಗಡುಸು, ನೂಲಿನ ಪುಡಿಯೆಲ್ಲ ಕಾಣುತ್ತದೆ. ಕಡುನೀಲಿ, ಬೂದು, ಮಣ್ಣಿನ ಕಂದು ಹೆಚ್ಚು ಜನರೊಂದಿಗೆ ಬೆರೆಯುವ ಬಣ್ಣಗಳು.

ಹೊಸ ಬ್ಲೇಜರಿನ ಬೆನ್ನಿನ ಸೀಳಿಗೆ ಅಡ್ಡಡ್ಡ ಹಾಕಿರುವ ಕತ್ತರಿ ಗುರುತಿನ ದಾರ, ಜೇಬಿನ ಬಾಯಿ ಮುಚ್ಚಿರುವ ಕಚ್ಚಾ ಹೊಲಿಗೆ, ತೋಳಿನ ತುದಿಯ ಕಂಪನಿ ಲೇಬಲ್, ಇವೆಲ್ಲ ಸಾಗಣೆಯಲ್ಲಿ ಆಕಾರ ಕೆಡದಿರಲಿ, ಅಂಗಡಿಯಲ್ಲಿ ಗುರುತು ಸಿಗಲಿ ಎಂದು ಇಟ್ಟದ್ದು. ತೆಗೆಯಬೇಕು. ಸೀಳಿನ ದಾರ ಹಾಗೇ ಇಟ್ಟುಕೊಂಡು ಓಡಾಡುವವರನ್ನು ದಿನಾ ನೋಡುತ್ತೇನೆ, ಹೇಳಲು ಬಾಯಿ ಬರುವುದಿಲ್ಲ. ಜೇಬು ಬಿಚ್ಚುವ ಮುನ್ನ ಬೆರಳಿಂದ ಮುಟ್ಟಿ ಒಳಗೆ ನಿಜವಾದ ಚೀಲ ಇದೆಯೇ ನೋಡಿ. ಹೆಣ್ಣುಮಕ್ಕಳ ಬ್ಲೇಜರಿನಲ್ಲಿ ಬರೀ ತೋರಿಕೆಯ ಜೇಬುಗಳಿಗೆ ಬರವಿಲ್ಲ, ಈ ಅನ್ಯಾಯದ ಬಗ್ಗೆ ಬೇರೆಯೇ ಬರೆಯಬೇಕು. ನಿಜವಾದ ಜೇಬಿದ್ದರೂ ಅದರಲ್ಲಿ ಫೋನ್ ಹಾಕಿದರೆ ಒಂದು ಪಕ್ಕ ಜೋಲುತ್ತದೆ. ಫ್ರಾನ್ಸಿನ ಫ್ಯಾಷನ್ ಕಂಪನಿ ಶನೆಲ್‌ನ ಜಾಕೆಟ್ಟುಗಳ ಕೆಳಅಂಚಿನ ಒಳಗೆ ಸಣ್ಣ ಸರಪಳಿ ಹೊಲಿದಿರುತ್ತಾರೆ, ಬಟ್ಟೆ ಎಲ್ಲ ಕಡೆ ಸಮನಾಗಿ ನೆಟ್ಟಗೆ ಇಳಿಯಲಿ ಎಂದು. ಅಂಚಿಗೆ ಭಾರ ಎಷ್ಟು ಮುಖ್ಯ ಎನ್ನುವುದಕ್ಕೆ ಇದೇ ಸಾಕ್ಷಿ. ನಾನು ಜೇಬಿನಲ್ಲಿ ಟಿಕೆಟ್ಟು, ಕರವಸ್ತ್ರಕ್ಕಿಂತ ಹೆಚ್ಚು ಇಡುವುದಿಲ್ಲ.

ಬೆನ್ನುಚೀಲದ ಪಟ್ಟಿ ಭುಜದ ಬಟ್ಟೆಯನ್ನು ಉಜ್ಜಿ ಉಜ್ಜಿ ಹೊಳಪು ಬರಿಸುತ್ತದೆ, ಅಡ್ಡಚೀಲದ ಪಟ್ಟಿ ಲ್ಯಾಪೆಲ್ ಮಡಚಿಹಾಕುತ್ತದೆ. ಕೈಯಲ್ಲಿ ಹಿಡಿಯುವ ಬಟ್ಟೆಚೀಲವೇ ಇದಕ್ಕೆ ಜೊತೆ.

ದಿನಾ ಹಾಕುವ ಬ್ಲೇಜರನ್ನು ದಿನಾ ಒಗೆಯಬೇಕಿಲ್ಲ. ಬಿಚ್ಚಿದ ಮೇಲೆ ಅಗಲ ಭುಜದ ಹ್ಯಾಂಗರಿಗೆ ಹಾಕಿ ಒಂದು ರಾತ್ರಿ ಗಾಳಿಗೆ ಬಿಟ್ಟು, ಬ್ರಷ್ ಆಡಿಸಿದರೆ ಸಾಕು. ಮರುದಿನ ಅದಕ್ಕೆ ರಜೆ, ಬೇರೊಂದರ ಸರದಿ. ಲೇಬಲ್ಲಿನಲ್ಲಿ ಡ್ರೈ ಕ್ಲೀನ್ ಅಂತಿದ್ದರೆ ಮೆಷಿನ್‌ಗೆ ಹಾಕುವ ಧೈರ್ಯ ಬೇಡ. ಮುಂಭಾಗದ ಗಟ್ಟಿತನಕ್ಕೆ ಒಳಗೆ ಅಂಟಿಸಿರುವ ಪದರ ನೀರಲ್ಲಿ ಬಿಟ್ಟುಕೊಂಡರೆ ಲ್ಯಾಪೆಲ್ ಮೇಲೆ ಗುಳ್ಳೆ ಏಳುತ್ತವೆ, ಆ ಗುಳ್ಳೆಯನ್ನು ಇಸ್ತ್ರಿಯಿಂದ ಸರಿಪಡಿಸುವುದು ಕಷ್ಟ. ಇಸ್ತ್ರಿ ಮಾಡುವಾಗಲೂ ಮೇಲೊಂದು ತೆಳು ಹತ್ತಿ ಬಟ್ಟೆ ಹಾಸಿಕೊಳ್ಳಿ, ನೇರ ಕಾವು ತಗುಲಿದರೆ ಕಡುಬಣ್ಣ ಹೊಳೆಯತೊಡಗುತ್ತದೆ. ಲ್ಯಾಪೆಲ್ ಮಡಿಯುವ ಗೆರೆಯನ್ನು ಚೂಪಾಗಿ ಒತ್ತುವುದನ್ನು ನಾನು ಬಿಟ್ಟೇ ಬಿಟ್ಟಿದ್ದೇನೆ. ಬರೀ ಹಬೆ ಕೊಟ್ಟು ಕೈಯಿಂದ ಮಗುಚಿದರೆ ಅದು ಮೆತ್ತಗೆ ಉರುಳಿದಂತೆ ಕೂರುತ್ತದೆ, ನಮಗೆ ಬೇಕಾದ್ದೂ ಅದೇ.

ಪ್ರಯಾಣಕ್ಕೆ ಮಡಚುವಾಗ ಒಂದು ಭುಜವನ್ನು ಒಳಮಗುಚಿ, ಇನ್ನೊಂದು ಭುಜವನ್ನು ಅದರೊಳಗೆ ತೂರಿಸಿ. ಲೈನಿಂಗ್ ಹೊರಗಾಗುತ್ತದೆ, ಎರಡು ತೋಳೂ ಒಂದರ ಮೇಲೊಂದು ಬರುತ್ತವೆ. ಆಮೇಲೆ ನಡುವಿಗೆ ಒಂದೇ ಮಡಿಕೆ, ಆ ಮಡಿಕೆಯೊಳಗೆ ಸುತ್ತಿದ ಟೀ ಶರ್ಟೊಂದನ್ನು ಇಟ್ಟರೆ ಗೆರೆ ಬೀಳುವುದಿಲ್ಲ. ಚೀಲದಲ್ಲಿ ಎಲ್ಲದರ ಮೇಲೆ ಇಡಿ, ತಲುಪಿದ ಕೂಡಲೇ ತೆಗೆದು ತೂಗುಹಾಕಿ. ಲಿನನ್ ಆದರೆ ಇಷ್ಟೂ ಬೇಡ, ಸುರುಳಿ ಸುತ್ತಿ ತುರುಕಿದರೂ ನಡೆಯುತ್ತದೆ.