ಬೀಗದೊಳಗಿನ ನಾಲ್ಕು ಸೆಂಟಿಮೀಟರ್

ಚುರುಕಾದ ಮಕ್ಕಳಿಗೆ ಮುಂದಿನ ತರಗತಿಯ ಪುಸ್ತಕ ಕೊಟ್ಟರೆ ಸಾಕು ಎಂದು ನಾನು ಹಲವು ವರ್ಷ ನಂಬಿದ್ದೆ. ಲೆಕ್ಕ ಬೇಗ ಮುಗಿಸಿದವರಿಗೆ ಇನ್ನಷ್ಟು ಲೆಕ್ಕ. ಅದನ್ನೂ ಮುಗಿಸುತ್ತಿದ್ದರು. ಆದರೆ ಪ್ರಯೋಗಕ್ಕೆ ನಿಂತಾಗ ಅಳತೆಯನ್ನು ಅಳಿಸಿ ತಿದ್ದುತ್ತಿದ್ದವರೂ ಇವರೇ. ಗುರುತ್ವ ವೇಗೋತ್ಕರ್ಷ, ಅಂದರೆ ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂಬುದು, 9.8 ಎಂದು ಮೊದಲೇ ಗೊತ್ತಿದ್ದವರ ಪುಸ್ತಕದಲ್ಲಿ ಪ್ರತಿ ಸಲವೂ 9.8 ಬರುತ್ತಿತ್ತು. ಎಂದೂ ತಪ್ಪಿ ಅಭ್ಯಾಸವಿಲ್ಲದ ಮಕ್ಕಳಿಗೆ ತಪ್ಪೆಂದರೆ ಬಹಳ ಭಯ.

ಹಾಗಾಗಿ ಒಂಬತ್ತನೇ ತರಗತಿಯ ನಾಲ್ವರಿಗೆ ಸರಳ ಲೋಲಕ (ದಾರಕ್ಕೆ ಕಟ್ಟಿ ತೂಗಾಡಿಸುವ ಭಾರ) ಮಾಡಲು ಗುಂಡಿನ ಬದಲು ಹಳೆಯ ಬೀಗವೊಂದನ್ನು ಕೊಟ್ಟೆ. ರಬ್ಬರ್ ಮುಟ್ಟುವಂತಿಲ್ಲ, ಪೆನ್ನಿನಲ್ಲೇ ಬರೆಯಬೇಕು. ದಾರವನ್ನು ಬೀಗದ ಕೊಂಡಿಯವರೆಗೆ ಅಳೆಯಿರಿ, ಇಪ್ಪತ್ತು ಆಂದೋಲನಗಳ ಕಾಲ ನೋಡಿ ಎಂದಷ್ಟೇ ಹೇಳಿದೆ.

ದಾರದ ಉದ್ದ ಮತ್ತು ಆಂದೋಲನದ ಕಾಲದಿಂದ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕಿದರು. ಒಂದು ಮೀಟರ್ ದಾರಕ್ಕೆ 9.4 ಬಂತು. 80 ಸೆಂ.ಮೀ.ಗೆ 9.3, 60ಕ್ಕೆ 9.2, 40ಕ್ಕೆ 8.9. ಸ್ಟಾಪ್‌ವಾಚ್ ಕೆಟ್ಟಿದೆ ಎಂದ ಒಬ್ಬ ಹುಡುಗ. ಗಾಳಿ ಎಂದ ಇನ್ನೊಬ್ಬ. ಬೇರೆ ವಾಚ್ ಕೊಟ್ಟೆ, ಕಿಟಕಿ ಮುಚ್ಚಿಸಿದೆ. ಸಂಖ್ಯೆಗಳು ಕದಲಲಿಲ್ಲ. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡು ಕೂರುವುದು ಪಾಠ ಮಾಡುವುದಕ್ಕಿಂತ ಕಷ್ಟ.

ಮರುದಿನ, ಮಾತು ಕಡಿಮೆಯ ಹುಡುಗಿಯೊಬ್ಬಳು ಬಂದು, "ಸರ್, ದಾರ ಗಿಡ್ಡವಾದಷ್ಟೂ ತಪ್ಪು ಹೆಚ್ಚುತ್ತಿದೆ. ಇದು ಕೈತಪ್ಪಲ್ಲ" ಎಂದಳು. ಗ್ರಾಫ್ ಹಾಳೆ ಕೇಳಿದಳು. ಅಡ್ಡಕ್ಕೆ ದಾರದ ಉದ್ದ, ಮೇಲಕ್ಕೆ ಒಂದು ಆಂದೋಲನದ ಅವಧಿಯ ವರ್ಗ. ನಾಲ್ಕು ಚುಕ್ಕಿಗಳೂ ಒಂದೇ ನೇರ ಗೆರೆಗೆ ಬಂದವು, ಆದರೆ ಗೆರೆ ಸೊನ್ನೆಯ ಮೂಲಕ ಹಾಯಲಿಲ್ಲ. ಸ್ಕೇಲ್ ಇಟ್ಟು ಹಿಂದಕ್ಕೆ ಎಳೆದಳು. ಸೊನ್ನೆಯಿಂದ ಸುಮಾರು ನಾಲ್ಕು ಸೆಂಟಿಮೀಟರ್ ಎಡಕ್ಕೆ ಅಡ್ಡಗೆರೆಯನ್ನು ಮುಟ್ಟಿತು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಎದ್ದು ಹೋಗಿ ಬೀಗವನ್ನು ಹಿಡಿದು, ಕೊಂಡಿಯಿಂದ ಅದರ ಹೊಟ್ಟೆಯವರೆಗೆ ಅಳೆದಳು.

"ಇದರ ಭಾರವೆಲ್ಲ ಇಲ್ಲಿದೆ ಸರ್. ನಾವು ಇಷ್ಟನ್ನು ಬಿಟ್ಟು ಅಳೆದಿದ್ದೇವೆ."

ದಾರವನ್ನು ಎಷ್ಟೇ ಉದ್ದ ಮಾಡಿದರೂ ಆ ನಾಲ್ಕು ಸೆಂಟಿಮೀಟರ್ ಬದಲಾಗುವುದಿಲ್ಲ. ಆದ್ದರಿಂದ ಗೆರೆಯ ಇಳಿಜಾರು ಕೆಡುವುದಿಲ್ಲ. ಇಳಿಜಾರಿನಿಂದ ಲೆಕ್ಕ ಹಾಕಿದಾಗ ಉತ್ತರ 9.8ರ ಹತ್ತಿರ ಬಂತು. ಹಿಂದಿನ ದಿನದ ಒಂದು ಅಂಕಿಯನ್ನೂ ಯಾರೂ ತಿದ್ದಿರಲಿಲ್ಲ. ಆ ಪುಟವನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ವಾಚ್ ಕೆಟ್ಟಿದೆ ಎಂದಿದ್ದ ಹುಡುಗ ವಾರದ ನಂತರ ತಾನಾಗಿಯೇ ಬಂದ. ಬೀಗವನ್ನು 60 ಡಿಗ್ರಿಯವರೆಗೆ ಎಳೆದು ಬಿಟ್ಟರೆ ಒಂದೊಂದು ಆಂದೋಲನಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ, ಏಕೆ ಎಂದು ಕೇಳಿದ. ಕೋನಮಾಪಕ ಕೊಟ್ಟು, 10 ಡಿಗ್ರಿಯಿಂದ ಶುರು ಮಾಡು ಎಂದೆ.